ಕೊನೆಯ ಲೋಟ

“ವಿಷ ಅಲ್ರಿ ಸಾಹೇಬ್ರ. ಅವರ ರಕ್ತದಾಗ ಇದ್ದದ್ದು ಇದು.”

ಡಾಕ್ಟರ್ ಅಂಜಲಿ ಮುಚ್ಚಳವಿದ್ದ ಸಣ್ಣ ತಟ್ಟೆಯೊಂದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಹಸಿರು ಪದರದ ಮೇಲೆ ಸಾಸಿವೆ ಹೂವಿನ ಬಣ್ಣದ ಚುಕ್ಕೆಗಳು ಎದ್ದಿದ್ದವು. ಸಬ್ ಇನ್‌ಸ್ಪೆಕ್ಟರ್ ಗಾಳೇಶ ಬಗ್ಗಿ ನೋಡಿದ. ಯಾರೋ ಮಗು ಬಣ್ಣ ಚೆಲ್ಲಿದಂತೆ ಕಂಡಿತು ಅವನಿಗೆ. ಆಳುದ್ದ ಗಂಡಸನ್ನು ನೋಡನೋಡುತ್ತ ಕೆಡವಿದ ಸಾವು ಇಷ್ಟು ಚೆಂದ ಇರಬಾರದಿತ್ತು.

“ಏನಿದು?”

“ಕಾಲರಾ ಗೊತ್ತಲ್ರಿ? ಅದರ ದಾಯಾದಿ.”

ಗಾಳೇಶ ತಟ್ಟೆಯಿಂದ ಮುಖ ಹಿಂದಕ್ಕೆ ತೆಗೆದ. “ಕಾಲರಾ? ಗಂಗಾವತ್ಯಾಗ?”

“ಕಾಲರಾ ಅಲ್ರಿ. ಅದಕ್ಕ ದಾಯಾದಿ ಅಂದೆ. ಮನೆತನದ ಹೆಸರು ಒಂದ, ಗುಣ ಬ್ಯಾರೆ. ಊರಿಗೂರ ವಾಂತಿ-ಭೇದಿ ಹಚ್ಚೋದು ಇದರ ಕೆಲಸ ಅಲ್ಲ. ಕೆರಿ, ಕಾಲುವಿ, ಗದ್ದಿ ನೀರಾಗ ತನ್ನಷ್ಟಕ್ಕ ತಾ ಇರ್ತೈತಿ. ಗಟ್ಟಿ ಆಳಿನ ಹೊಟ್ಟಿಗೆ ಹೋದ್ರ ಸ್ವಲ್ಪ ಹೊಟ್ಟಿ ಕೆಡಿಸಿ ಹೋಗ್ತೈತಿ. ಲಿವರ್ ಕೆಟ್ಟವರ ಹೊಟ್ಟಿಗೆ ಹೋತಂದ್ರ ಮಾತ್ರ ತಡಿಯೋರು ಇಲ್ದಂಗ ಸೀದಾ ನೆತ್ತರಿಗೆ ಇಳಿತೈತಿ. ಭಾಳ ಅಪರೂಪ. ನಾ ಓದಿದ್ದೆ ಅಷ್ಟ. ನೋಡಿದ್ದು ಇದ ಮೊದಲು.”

ಅಂಜಲಿ ಯಲಬುರ್ಗಿಯ ಹುಡುಗಿ. ಕೊಪ್ಪಳದ ಈ ಖಾಸಗಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ, ಕಫ, ಕೀವುಗಳ ನಡುವೆ ದಿನ ಕಳೆಯುವವಳು. ಮಾತು ಮೆದು. ಆದರೆ ಆ ಮೆದು ಮಾತೇ ಗಾಳೇಶನಿಗೆ ಇವತ್ತು ಕುತ್ತಿಗೆಗೆ ಬಿದ್ದ ಕೈಯಂತೆ ಇತ್ತು.

ಗಂಗಾವತಿಯ ಭತ್ತದ ವ್ಯಾಪಾರಿ ಅಮರಪ್ಪ ಸತ್ತು ತಿಂಗಳ ಮೇಲಾಗಿತ್ತು. ಒಮ್ಮೆಲೇ ಚಳಿಜ್ವರ, ಕಾಲಿನ ತುಂಬ ನೀಲಿಗಟ್ಟಿದ ಗುಳ್ಳೆಗಳು, ಇಳಿದುಹೋದ ರಕ್ತದೊತ್ತಡ. ಈ ಆಸ್ಪತ್ರೆಗೆ ತಂದ ಮರುದಿನವೇ ಪ್ರಾಣ ಹೋಗಿತ್ತು. ಅವು ವಿಷದ ಗುಳ್ಳೆಗಳು ಎಂದು ತಮ್ಮ ಬಸವಕುಮಾರ ಕೂಗಾಡಿದ್ದ. ಅತ್ತಿಗೆ ದಿನಾ ಬೆಳಿಗ್ಗೆ ಬಾಗಿಲು ಮುಂದೆ ಮಾಡಿಕೊಂಡು ಅಣ್ಣನಿಗೆ ಏನನ್ನೋ ಕುಡಿಸುತ್ತಿದ್ದಳೆಂದು ದೂರು ಕೊಟ್ಟಿದ್ದ. ಕೇಳಿದಾಗ ಆ ಹೆಣ್ಣು, ಶಿವಲೀಲಾ, ತಲೆ ತಗ್ಗಿಸಿ ಒಂದೇ ಮಾತು ಆಡಿದ್ದಳು. “ಕೊಟ್ಟದ್ದು ಹೌದ್ರಿ. ಏನು ಕೊಟ್ಟೆ ಅಂತ ಮಾತ್ರ ಕೇಳಬ್ಯಾಡ್ರಿ.”

ಗಾಳೇಶನಿಗೆ ಅಷ್ಟು ಸಾಕಾಗಿತ್ತು. ಆಕೆ ಈಗ ಕೊಪ್ಪಳದ ಜೈಲಿನಲ್ಲಿದ್ದಳು.

ನಿನ್ನೆ ಒಳಾಂಗಗಳ ಪರೀಕ್ಷೆ ಮುಗಿದು, ಯಾವ ವಿಷವೂ ಸಿಕ್ಕಿಲ್ಲವೆಂದು ತಿಳಿದ ಮೇಲೆಯೇ ಅವನಿಗೆ ಈ ಆಸ್ಪತ್ರೆಯ ನೆನಪು ಬಂದದ್ದು.

“ಇದು ನಿಮ್ಮ ಕೈಗೆ ಸಿಕ್ಕಿದ್ದು ಯಾವಾಗ್ರಿ ಡಾಕ್ಟರ್?”

“ಅವರು ಸತ್ತ ವಾರದಾಗ. ಜೀವ ಇದ್ದಾಗ ತಗದ ರಕ್ತ ಅದು. ದೊಡ್ಡ ಡಾಕ್ಟರಿಗೆ ಹೇಳಿದೆ. ಕೇಸು ಪೊಲೀಸರ ಕಡೆ ಹೋಗೇತಿ, ಅವರು ಕೇಳಿದ್ರ ಹೇಳೋಣ ಅಂದ್ರು.” ಅಂಜಲಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. “ಯಾರೂ ಕೇಳಲಿಲ್ರಿ.”

ಗಾಳೇಶ ಟೋಪಿಯ ಅಂಚನ್ನು ಬೆರಳಿನಿಂದ ತಿಕ್ಕತೊಡಗಿದ. ಒಂದು ಫೋನು. ಒಂದೇ ಒಂದು ಫೋನು ಮಾಡಿದ್ದರೆ ಸಾಕಿತ್ತು.

“ಹೊಟ್ಟಿಗೆ ಹೆಂಗ ಹೋಗ್ತೈತಿ ಇದು?”

“ಹಸೇ ಮೀನ, ಸಿಗಡಿ, ಏಡಿ... ಬೇಯಿಸಲಾರದ್ದು ಏನರ ತಿಂದಿದ್ರೇನ್ರಿ?”

“ಲಿಂಗ ಕಟ್ಟಿಕೊಂಡವರ ಮನಿರಿ ಅದು. ತತ್ತಿ ಸುದ್ದಾ ಹೊಸ್ತಿಲ ದಾಟಂಗಿಲ್ಲ.”

“ಕಾಲಿಗೆ ಗಾಯ ಇತ್ತಾ? ಕಾಲುವಿಗೆ ಇಳದಿದ್ರಾ?”

“ಗಾದಿ ಮ್ಯಾಲೆ ಕುಂತು ವ್ಯಾಪಾರ ಮಾಡೋ ಮನುಷ್ಯಾ. ಮೈಮ್ಯಾಗ ಒಂದು ತರಚು ಗಾಯ ಸುದ್ದಾ ಇರಲಿಲ್ಲ.”

“ಹಂಗಾದ್ರ ಬಾಯಿಲೇ ಹೋಗೇತಿ. ಇನ್ನೊಂದು ನೆನಪಿಡ್ರಿ. ಇದು ಒಳಗ ಹೋಗಿ ವಾರಗಟ್ಟಲೆ ಕುಂದ್ರಂಗಿಲ್ಲ. ಇವತ್ತು ಹೋದ್ರ ನಾಳೆ ಇಲ್ಲಾ ನಾಡದು ಮಲಗಸ್ತೈತಿ.”

ಗಾಳೇಶ ಎದ್ದ. ಬಾಗಿಲ ತನಕ ಬಂದವನು ನಿಂತ. ಅಂಜಲಿ ಹೇಳಿದ ಮೂರು ಹೆಸರುಗಳಲ್ಲಿ ಒಂದು ಅವನ ತಲೆಯೊಳಗೆ ಎಲ್ಲೋ ಉಗುರು ಊರಿತ್ತು.

ಏಡಿ.

ಗಂಗಾವತಿಯ ಹಾದಿಯಲ್ಲಿ ಜೀಪು ಓಡಿಸುತ್ತಿದ್ದ ಕಾನ್‌ಸ್ಟೇಬಲ್ ತಿರುಪತಿ ಎರಡು ಸಲ ಚಹಾಕ್ಕೆ ನಿಲ್ಲಿಸಲೇ ಎಂದು ಕೇಳಿ ಸುಮ್ಮನಾದ.

ಅಮರಪ್ಪನ ಮನೆ ಶೋಧಿಸಿದ ದಿನ ಗಾಳೇಶನ ಕಣ್ಮುಂದೆ ಬಂತು. ಹಿತ್ತಲಲ್ಲಿ ಬಚ್ಚಲ ಮನೆ, ಅದರ ಪಕ್ಕ ಬಟ್ಟೆ ಒಗೆಯುವ ಕಲ್ಲು. ಕಲ್ಲಿನ ಸಂದಿಯಲ್ಲಿ ಕೆಂಪಗೆ ಹೊಳೆಯುವ, ಬಾಗಿದ ಚೂರೊಂದು ಸಿಕ್ಕಿಕೊಂಡಿತ್ತು. ಮುಟ್ಟಿ ಕೂಡ ನೋಡದೆ ಅವನೇ ಹೇಳಿದ್ದ: “ಬಳಿ ಚೂರು. ಮಣ್ಣು ಮಾಡಿದ ದಿನ ಒಡದಿರಬೇಕು. ಇರಲಿ, ಪೊಟ್ಟಣ ಕಟ್ಟು.” ಗಂಡನನ್ನು ಕಳೆದುಕೊಂಡ ಹೆಂಗಸಿನ ಬಳೆ. ಇನ್ನೇನಿರುತ್ತದೆ?

ಠಾಣೆಗೆ ಬಂದವನೇ ಜಪ್ತು ಮಾಡಿದ ಸಾಮಾನಿನ ಕೋಣೆ ತೆಗೆಸಿದ. ಆ ಪೊಟ್ಟಣ ಒಂದು ಡಬ್ಬಿಯ ತಳದಲ್ಲಿ, ಯಾರಿಗೂ ಬೇಡವಾದದ್ದಾಗಿ ಬಿದ್ದಿತ್ತು. ಕಿಟಕಿಯ ಬಳಿ ಬಿಳಿ ಕಾಗದ ಹಾಸಿ, ಅದರ ಮೇಲೆ ಸುರಿದ.

ಬಳೆಗೆ ಹಲ್ಲು ಇರುವುದಿಲ್ಲ.

ಚೂರಿನ ಒಳಮೈಗೆ ಗರಗಸದ ಹಾಗೆ ಸಣ್ಣ ಸಣ್ಣ ಹಲ್ಲುಗಳಿದ್ದವು. ತುದಿ ಕೊಕ್ಕಿನಂತೆ ಚೂಪಾಗಿತ್ತು.

ತಿರುಪತಿ ಭುಜದ ಮೇಲಿಂದ ಇಣುಕಿದ. “ಎಂಡ್ರಕಾಯಿ ಸಾರ್ ಇದು. ಏಡಿ ಕೊಂಡಿ.”

“ಗೊತ್ತು,” ಎಂದ ಗಾಳೇಶ.

ಗೊತ್ತಿರಬೇಕಿತ್ತು. ಹನುಮಸಾಗರದ ಹಳ್ಳದಲ್ಲಿ ಮಳೆಗಾಲ ಬಂತೆಂದರೆ ಕಲ್ಲು ಎತ್ತಿ ಎತ್ತಿ ಏಡಿ ಹಿಡಿದು, ಕೆಂಡದಲ್ಲಿ ಸುಟ್ಟು, ಇದೇ ಕೊಂಡಿಯನ್ನು ಹಲ್ಲಿನಿಂದ ಕಡಿದು ಬೆಳೆದವನು ಅವನು. ಅದೇ ಕಣ್ಣು ಅವತ್ತು ಏಡಿಯನ್ನು ನೋಡಲಿಲ್ಲ. ವಿಷ ಹಾಕಿದ ಹೆಂಡತಿಯನ್ನು ನೋಡಲು ಹೋಗಿದ್ದ ಕಣ್ಣು, ಅವಳ ಬಳೆಯನ್ನಷ್ಟೇ ನೋಡಿತು.

“ನಮ್ಮ ಆಂಧ್ರದವರ ಕ್ಯಾಂಪಿನ ಕಡೆ ಕಾಮಣಿ ಆಗಿ ಕಣ್ಣು ಹಳದಿ ಆದವರಿಗೆ ಇದರ ರಸ ಕುಡಿಸ್ತಾರ ಸಾರ್,” ಎಂದ ತಿರುಪತಿ. “ಲಿವರ್‌ಗೆ ಛಲೋ ಅಂತಾರ. ಆದ್ರ ಈ ಮನಿಯೋರು...”

“ಯಾರು ಹಿಡಿದು ಮಾರ್ತಾರ ಇಲ್ಲಿ?”

“ಮರಳಿ ಊರಿನ ಕಡೆ ಮಾರೆವ್ವ ಅಂತ ಅದಾಳ ಸಾರ್. ಭಾಳ ಮಂದಿ ಆಕಿ ಕಡೆನ ಹೋಗ್ತಾರ.”

ಮಾರೆವ್ವ ಗದ್ದೆಯ ಬದುವಿನ ಮೇಲೆ ಕೂತು ಕಾಲಿನ ಕೆಸರು ತೊಳೆಯುತ್ತಿದ್ದಳು. ಪಕ್ಕದಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಮಡಕೆ. ಒಳಗಿನಿಂದ ಕರಕರ ಸದ್ದು ಬರುತ್ತಿತ್ತು. ನಾಟಿ ಮುಗಿದ ಗದ್ದೆಗಳು ಕಾಲುವೆಯ ತುದಿಯವರೆಗೂ ಹಸಿರಾಗಿ ಹಬ್ಬಿದ್ದವು. ಏಡಿ ಬದು ಕೊರೆದರೆ ನೀರು ಸೋರಿಹೋಗುತ್ತದೆಂದು ಹೊಲದವರೇ ಅವಳನ್ನು ಕರೆಯುತ್ತಿದ್ದರು.

ಖಾಕಿ ಕಂಡದ್ದೇ ತಡ, ಅವಳು ಎದ್ದು ಸೆರಗು ಬಿಗಿದಳು.

“ಕುಂದ್ರವ್ವಾ. ಬರೇ ಮಾತಾಡಾಕ ಬಂದೀನಿ,” ಎಂದು ಗಾಳೇಶ ತಾನೂ ಬದುವಿನ ಮೇಲೆ ಕೂತ. “ಗಂಗಾವತಿ ಪ್ಯಾಟಿಯಿಂದ, ದೊಡ್ಡ ಮನಿಯೋರು ಯಾರರ ಏಡಿ ಒಯ್ಯಾಕ ಬಂದಿದ್ರೇನು? ಮಳಿ ಹಿಡಿದ ಹೊಸದರಾಗ?”

ಮಾರೆವ್ವ ತಿರುಪತಿಯನ್ನು ನೋಡಿದಳು, ಮಡಕೆಯನ್ನು ನೋಡಿದಳು.

“ಏಡಿ ಮಾರೋದು ತಪ್ಪೇನ್ರಿ ಯಪ್ಪಾ?”

“ತಪ್ಪಲ್ಲ.”

“ಒಬ್ಬಾಕಿ ಮುದುಕಿ ಬರ್ತಿದ್ಲರಿ. ಆಟೋದಾಗ. ಆಟೋನ ದೂರ ಆ ಜಾಲಿ ಗಿಡದ ಕೆಳಗ ನಿಂದ್ರಿಸಿ, ನಡಕೋಂತ ಬರ್ತಿದ್ಲು. ತಲಿ ತುಂಬ ಸೆರಗು. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ.”

“ಮುಖ ನೋಡಿಯೇನು?”

“ಒಮ್ಮೆ ಗಾಳಿಗೆ ಸೆರಗು ಸರೀತ್ರಿ. ಹಣಿಮ್ಯಾಲಿನ ಈಬತ್ತಿ ಒರಸಿಕೊಂಡಿದ್ಲು. ಖರೇ ಅಂದ್ರ ಒರಸಿದ್ರೂ ಹೋಗಿರಲಿಲ್ಲ. ದಿನಾ ಹಚ್ಚವರ ಹಣಿ ಗೊತ್ತಾಗ್ತೈತಲ್ರಿ, ಮೂರು ಗೆರಿ ಬೆಳ್ಳಗ ಉಳದಿದ್ವು.”

ಗಾಳೇಶ ಬದುವಿನ ಮೇಲೆ ಮುಂದಕ್ಕೆ ಸರಿದ. ಶಿವಲೀಲಾ ಅಲ್ಲ. ಮುದುಕಿ.

“ಏನಂತ ಕೇಳಿದ್ಲು?”

“ನಮ್ಮ ಹುಡುಗಗ ಕಾಮಣಿ ಹೊಟ್ಟ್ಯಾಗ ಇಳದೈತಿ, ಡಾಕ್ಟರು ಕೈ ಚೆಲ್ಲ್ಯಾರ ಅಂದ್ಲು. ಏಡಿ ಅಂದ್ರ ಹೆದರಿಕಿ ಆಕಿಗೆ. ಮುಚ್ಚಳದ ಡಬ್ಬಿ ತಂದಿದ್ಲು, ಅದನ್ನ ಮುಂದ ಚಾಚಿ, ಮುಖ ಆ ಕಡೆ ತಿರಗಿಸಿ ನಿಂದರೋಳು. ನಾ ಅಂದೆ, ಯವ್ವಾ, ಚಂದಾಗಿ ಕುದಿಸಿ ಸಾರು ಮಾಡಿ ಕುಡಿಸು, ನಾವೂ ಹಂಗ ಕುಡಿಯೋದು. ಆಕಿ ಕೇಳಲಿಲ್ಲ.”

“ಯಾಕ?”

“ಕುದಿಸಿದ್ರ ಮನಿ ತುಂಬ ವಾಸನಿ ಬರ್ತೈತಿ, ಓಣಿಗೆಲ್ಲ ಗೊತ್ತಾಕ್ಕೈತಿ ಅಂದ್ಲು. ಹಸೇದ ಅರದು ಹಿಂಡಿ ಕೊಡ್ತೀನಿ ಅಂದ್ಲು.”

ತಿರುಪತಿ ನಾಲಿಗೆ ಲೊಚಗುಟ್ಟಿದ. ಗಾಳೇಶ ಕಾಲುವೆಯ ಕೆಂಪು ನೀರನ್ನೇ ನೋಡುತ್ತ ಕೂತ. ಒಲೆಯ ಮೇಲೆ ಒಂದು ಸಲ ಕುದಿ ಬಂದಿದ್ದರೆ ಆ ಹಳದಿ ಚುಕ್ಕೆಗಳು ಒಂದೂ ಉಳಿಯುತ್ತಿರಲಿಲ್ಲ. ನೆರೆಮನೆಯವರ ಮೂಗಿಗೆ ಹೆದರಿ ಒಲೆ ಹಚ್ಚಿರಲಿಲ್ಲ.

ಅವನು ಎದ್ದು ಪ್ಯಾಂಟಿಗೆ ಹತ್ತಿದ ಮಣ್ಣು ಕೊಡವಿಕೊಂಡ. ಮಾರೆವ್ವ ಹಿಂದೆಯೇ ಬಂದಳು.

“ಯಪ್ಪಾ, ಆಮ್ಯಾಲೆ ಆಕಿ ಬರೋದು ಬಿಟ್ಲು. ನಾನೂ ಅನ್ಕೊಂಡೆ, ಹುಡುಗ ಛಲೋ ಆಗಿರಬೇಕು ಅಂತ.” ಅವಳ ಮುಖದಲ್ಲಿ ಸಣ್ಣ ಆಸೆ ಇತ್ತು. “ಛಲೋ ಆದನೇನ್ರಿ?”

ಗಾಳೇಶ ಸುಮ್ಮನೆ ತಲೆ ಅಲ್ಲಾಡಿಸಿದ. ಅದು ಹೌದೋ ಅಲ್ಲವೋ ಅವನಿಗೇ ತಿಳಿಯಲಿಲ್ಲ. ಮಾರೆವ್ವ ಅದನ್ನು ಹೌದು ಎಂದೇ ತಿಳಿದು, ಒದ್ದೆ ಕೈ ಎತ್ತಿ ಮುಗಿದಳು.

ದೀಪ ಹಚ್ಚುವ ಹೊತ್ತಿಗೆ ಅವನು ಗಂಗಾವತಿಯ ಹಳೆ ಪೇಟೆಯಲ್ಲಿದ್ದ. ತಿರುಪತಿಯನ್ನು ಜೀಪಿನಲ್ಲೇ ಬಿಟ್ಟು ಒಬ್ಬನೇ ಒಳಗೆ ಹೋದ. ಬಸವಕುಮಾರ ಅಂಗಡಿಯಲ್ಲಿದ್ದ. ಪಡಸಾಲೆಯ ಕಂಬಕ್ಕೆ ಒರಗಿ, ಅಮರಪ್ಪನ ತಾಯಿ ಕಳಕಮ್ಮ ಒಬ್ಬಳೇ ಕೂತಿದ್ದಳು.

ಅವಳ ಹಣೆ ಬರಿದಾಗಿತ್ತು.

“ಬರ್ರಿ ಸಾಹೇಬ್ರ. ಬಸವಕುಮಾರ ಇಲ್ರಿ.”

“ನಿಮ್ಮನ್ನ ನೋಡಾಕ ಬಂದೀನ್ರಿ ಅವ್ವಾರ.”

ಗಾಳೇಶ ಎದುರು ಕೂತು, ಕಿಸೆಯಿಂದ ಪೊಟ್ಟಣ ತೆಗೆದು ನೆಲದ ಮೇಲೆ ಬಿಚ್ಚಿದ. ಕೆಂಪು ಕೊಂಡಿ ದೀಪದ ಬೆಳಕಿಗೆ ಮಿರಿಮಿರಿ ಹೊಳೆಯಿತು.

ಕಳಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಹೊರಗ ಒಯ್ರಿ ಅದನ್ನ. ದೇವರ ಮನಿ ಎದುರಿಗೈತಿ.”

“ನಿಮ್ಮ ಹಿತ್ತಲದಾಗ ಸಿಕ್ಕೈತಿ.”

“ಒಯ್ರಿ ಅಂದೆ.”

“ಮರಳಿಗೆ ಹೋಗಿ ಬಂದೆ ಅವ್ವಾರ. ಮಾರೆವ್ವ ಕೇಳಿದ್ಲು, ನಿಮ್ಮ ಹುಡುಗ ಛಲೋ ಆದನೇನು ಅಂತ.”

ಹೊರಗೆ ಓಣಿಯಲ್ಲಿ ಯಾರೋ ಬೈಕು ಚಾಲೂ ಮಾಡಿದರು. ಸದ್ದು ದೂರವಾಯಿತು. ಮುದುಕಿ ಕೈ ಚಾಚಿದಳು. ನೋಡಲೂ ಹೇಸಿದ್ದ ಆ ಕೊಂಡಿಯನ್ನು ಬೆರಳುಗಳಿಂದ ಎತ್ತಿ, ತನ್ನ ಮಡಿಲಲ್ಲಿ ಇಟ್ಟುಕೊಂಡಳು.

“ನನ್ನ ಹಿಡಕೊಂಡು ಹೋಗ್ರಿ,” ಎಂದಳು. “ನನ್ನ ಮಗನ್ನ ನಾನ ಕೊಂದೀನಿ.”

“ಹೇಳ್ರಿ.”

“ಏನು ಹೇಳಲಿ? ಹುಬ್ಬಳ್ಳಿ ಡಾಕ್ಟರು ಲಿವರ್ ಮುಗದೈತಿ ಅಂದ್ರು. ಅವ ಕುಡಿಯೋದು ಬಿಟ್ಟು ವರ್ಷ ಆಗಿತ್ತು. ಬಿಟ್ಟ ಮ್ಯಾಲೆ ಹಿಂಗಾತು. ಯಲಬುರ್ಗಿ ಲಗ್ನದಾಗ ಯಾರೋ ಅಂದ್ರು, ಹಸೇ ಏಡಿ ರಸ ಕುಡಿಸಿ ತಮ್ಮ ಅಳಿಯಗ ಜೀವ ಬಂತು ಅಂತ. ಕಿವಿ ಮುಚ್ಕೊಂಡು ಎದ್ದು ಬಂದೆ. ಆದ್ರ ಮಾತು ಒಳಗ ಹೊಕ್ಕಿತ್ತು. ದಿನಾ ಹಳದಿ ಆಗಿ ಬರೋ ಮಗನ ಕಣ್ಣು ನೋಡ್ತಿದ್ದೆ. ಒಂದಿನ ಈಬತ್ತಿ ಒರಸಿಕೊಂಡು ಹೋದೆ.”

“ಅರದು ಕೊಟ್ಟದ್ದು ಶಿವಲೀಲಾ?”

“ಆಕಿ ಒಲ್ಲೆ ಅಂದ್ಲು. ಕಾಲಿಗೆ ಬಿದ್ಲು. ಬಚ್ಚಲದಾಗ ವಾಂತಿ ಮಾಡಿಕೊಂಡ್ಲು. ನಾನ ಆಕಿ ಕೈ ಹಿಡಿದು ಕುಟ್ಟಿಸಿದೆ. ನೆಲನೆಲ್ಲಿ ಎಲಿ ಹಾಕಿ ಅರದ್ರ ಹಸರ ಬಣ್ಣ ಬರ್ತಿತ್ತು. ಸೊಪ್ಪಿನ ಔಷಧ ಅಂತ ಅವ ಕಣ್ಣು ಮುಚ್ಚಿ ಕುಡದಬಿಡಾಂವ.”

“ಬಸವಕುಮಾರಗ?”

“ಗೊತ್ತಿರಲಿಲ್ಲ. ಅವ ವಿಷ ವಿಷ ಅಂತ ಕೂಗುಮುಂದ ನನ್ನ ಬಾಯಿ ಕಟ್ಟಿತ್ತು.”

ಗಾಳೇಶ ಮುಂದಕ್ಕೆ ಬಾಗಿದ. ಕೇಳಬಾರದೆಂದುಕೊಂಡಿದ್ದ ಪ್ರಶ್ನೆ ತಾನಾಗಿ ಹೊರಬಿತ್ತು.

“ಆಕೀನ ಜೀಪಿಗೆ ಹತ್ತಿಸುಮುಂದ ನೀವು ಇಲ್ಲೇ ನಿಂತಿದ್ರಿ. ಇದ ಕಂಬದ ಹತ್ತಿರ. ಆಗರ ಯಾಕ ಸುಮ್ಮನಿದ್ರಿ?”

ಕಳಕಮ್ಮ ಕಂಬದಿಂದ ಬೆನ್ನು ತೆಗೆದಳು.

“ಬಾಯಿ ತೆರದಿದ್ದೆ. ಆಕಿ ಹೊಳ್ಳಿ ನೋಡಿ, ಬ್ಯಾಡ ಅಂತ ತಲಿ ಅಲ್ಲಾಡಿಸಿದ್ಲು. ಅಷ್ಟ ಸಾಕಾತು ನನಗ. ಯಾರರ ಒಬ್ರು ಬ್ಯಾಡ ಅನ್ನೋದು ಬೇಕಾಗಿತ್ತು, ಸಾಹೇಬ್ರ. ಏಡಿ ತಿನ್ನಿಸಿದ ಮನಿ ಅನ್ನಿಸಿಕೊಳ್ಳೋದಕ್ಕಿಂತ ಸೊಸಿನ್ನ ಕಳಿಸೋದು ಹಗುರ ಅನ್ನಿಸ್ತು. ಅವತ್ತಿನಿಂದ ಲಿಂಗ ಮುಟ್ಟಿಲ್ಲ ನಾ.”

ಆ ತಲೆ ಅಲ್ಲಾಡಿಸಿದ್ದನ್ನು ಗಾಳೇಶನೂ ಕಂಡಿದ್ದ. ಜೀಪಿನ ಬಾಗಿಲು ಹಿಡಿದು ನಿಂತಿದ್ದ ಅವನು, ಸಿಕ್ಕಿಬಿದ್ದವಳು ಸೋತು ತಲೆ ಅಲ್ಲಾಡಿಸಿದಳೆಂದು ತಿಳಿದಿದ್ದ. ಒಳಗೊಳಗೇ ಹಿಗ್ಗಿದ್ದ ಕೂಡ. ಅದು ಈಗ ನೆನಪಾಗಿ ಅವನ ಮುಖ ಕಾದಿತು. ಈ ಮುದುಕಿಯ ಮುಂದೆ ನ್ಯಾಯ ಕೇಳುವ ಬಾಯಿ ತನ್ನದಲ್ಲ ಎನಿಸಿತು.

ಆದರೂ ಕೇಳಬೇಕಾದ್ದು ಒಂದು ಉಳಿದಿತ್ತು.

“ಕೊನಿ ಸಲ ಕುಡಿಸಿದ್ದು ಯಾವತ್ತು?”

“ಅಮಾಸಿ ದಿನ.”

“ಜ್ವರ ಬಂದದ್ದು?”

“ಹುಣ್ಣಿಮಿ ಮುಂದ.”

ಗಾಳೇಶ ಥಟ್ಟನೆ ತಲೆ ಎತ್ತಿದ. “ನಡುವ ಕೊಡಲಿಲ್ಲ?”

“ಹೆಂಗ ಕೊಡೋದು? ಅಮಾಸಿ ದಿನ ಅವ ನೋಡಿಬಿಟ್ಟಿದ್ದ. ಮುಖ ತೊಳಿಯಾಕಂತ ಬಚ್ಚಲಿಗೆ ಬಂದಾನ, ಡಬ್ಬ್ಯಾಗಿಂದ ಒಂದು ತಪ್ಪಿಸಿಕೊಂಡು ಅವನ ಕಾಲಾಗ ಹರದಾಡಾಕತ್ತಿತ್ತು. ಬೈಯ್ಯಲಿಲ್ಲ ನನ್ನ ಮಗ. ಕಲ್ಲಿನ ಮ್ಯಾಲೆ ಕುಂತ. ಯವ್ವಾ, ಹುಬ್ಬಳ್ಳಿ ಡಾಕ್ಟರು ಇದನ್ನ ಮುಟ್ಟ ಸುದ್ದಾ ಮುಟ್ಟಬ್ಯಾಡ ಅಂದಿದ್ರು, ನನ್ನಂಥವರಿಗೆ ಹಸೇ ಏಡಿ, ಹಸೇ ಮೀನ ಜೀವಕ್ಕ ಬರ್ತೈತಂತ ಅಂದ. ನಮ್ಮ ಮನ್ಯಾಗ ಯಾರು ತರ್ತಾರ ಅಂತ ನಿಮಗ ಹೇಳಿರಲಿಲ್ಲ ಅಂದ.” ಕಳಕಮ್ಮ ಮಡಿಲಿನ ಕೊಂಡಿಯನ್ನು ಮುಚ್ಚಿ ಹಿಡಿದಳು. “ಅವತ್ತ ಬಿಟ್ಟಿವ್ರಿ. ಲೋಟಾಕ್ಕ ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತೊಳದೆ. ಏನಾತು? ಒಳಗ ಹೋದದ್ದು ಹೋಗಿತ್ತಲ್ಲ.”

“ಇಲ್ರಿ ಅವ್ವಾರ.”

“ಏನು ಇಲ್ಲ?”

“ಅದು ಒಳಗ ಹೋಗಿ ಅಷ್ಟು ದಿನ ಕಾಯಂಗಿಲ್ಲ. ಡಾಕ್ಟರ್ ಹೇಳ್ಯಾರ. ಇವತ್ತು ಹೋದ್ರ ನಾಳೆ, ನಾಡದು. ಅಮಾಸಿಗೆ ನೀವು ಬಿಟ್ಟಿದ್ರ, ನೀವು ಕೊಟ್ಟದ್ದರಿಂದ ಅವರು ಸತ್ತಿಲ್ಲ.”

ಆ ಮಾತು ಹೇಳುವಾಗ ಗಾಳೇಶನಿಗೆ ಎದೆ ಹಗುರಾದಂತಾಯಿತು. ಮುದುಕಿಯ ಮುಖದಲ್ಲೂ ಅದೇ ಕಾಣಬಹುದೆಂದು ನೋಡಿದ. ಕಳಕಮ್ಮನ ಕಣ್ಣುಗಳು ಒಂದು ಗಳಿಗೆ ಅರಳಿ, ಹಾಗೆಯೇ ಹೆದರಿದವು.

“ಹಂಗಾದ್ರ ಯಾರು ಕೊಟ್ರು?”

ರಾತ್ರಿಯೆಲ್ಲ ಗಾಳೇಶನ ತಲೆಯಲ್ಲಿ ಅದೇ ಪ್ರಶ್ನೆ ಸುತ್ತಿತು. ಆದರೆ ಬೆಳಿಗ್ಗೆ ಕೊಪ್ಪಳದ ಜೈಲಿನ ಬಾಗಿಲಲ್ಲಿ ಇಳಿಯುವಾಗ ಅವನ ಮನಸ್ಸಿನಲ್ಲಿದ್ದದ್ದು ಬೇರೆಯೇ. ತನಿಖೆ ಆಮೇಲೆ. ಮೊದಲು ಆ ಹೆಣ್ಣುಮಗಳ ಮುಂದೆ ನಿಂತು ಒಂದು ಮಾತು ಹೇಳಬೇಕಿತ್ತು. ಹಾದಿಯಲ್ಲಿ ಅದನ್ನು ಹಲವು ಸಲ ಹೇಳಿ ನೋಡಿಕೊಂಡಿದ್ದ.

ಶಿವಲೀಲಾಳನ್ನು ಕರೆತಂದರು. ಬಿಳಿ ಗೋಡೆಯ ಕೋಣೆ, ಒಂದು ಮೇಜು, ಎರಡು ಕುರ್ಚಿ. ಆಕೆ ಇಳಿದುಹೋಗಿದ್ದಳು, ಕುಪ್ಪಸದ ತೋಳು ಸಡಿಲಾಗಿ ಜೋಲುತ್ತಿತ್ತು. ಗಾಳೇಶ ಎದ್ದು ನಿಂತ. ಕಳೆದ ಸಲ ಆಕೆ ನಿಂತಿದ್ದಳು, ತಾನು ಕೂತಿದ್ದೆ ಎಂಬುದು ನೆನಪಾಯಿತು.

“ತಪ್ಪಾತ್ರಿ,” ಎಂದ. ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಉದುರಿಹೋದವು. “ಏಡಿ ವಿಷಯ ಗೊತ್ತಾತು. ನಿಮ್ಮತ್ತಿ ಎಲ್ಲಾ ಹೇಳ್ಯಾರ.”

ಶಿವಲೀಲಾ ಕುರ್ಚಿಯ ಬೆನ್ನು ಹಿಡಿದುಕೊಂಡು ಮೆಲ್ಲಗೆ ಕೂತಳು. ಹಿಡಿದು ತಂದ ದಿನ ಅಳದಿದ್ದ ಹೆಂಗಸು ಈಗ ಸದ್ದಿಲ್ಲದೆ ಅತ್ತಳು.

“ಅತ್ತಿ... ಬಾಯಿಬಿಟ್ಟು ಹೇಳಿದ್ರಾ?”

“ಹೇಳಿದ್ರು. ಮಗನ್ನ ತಾನ ಕೊಂದೀನಿ ಅಂತ ತಿಳಕೊಂಡಿದ್ರು. ಅದೂ ಸುಳ್ಳು. ಅದು ಕಾಲರಾದ ದಾಯಾದಿ ಕ್ರಿಮಿ, ಒಳಗ ಹೋಗಿ ಒಂದೆರಡು ದಿನದಾಗ ಕೆಲಸ ಮುಗಸ್ತೈತಿ. ಅಮಾಸಿ ದಿನ ನೀವು ಕೊಟ್ಟದ್ದರಿಂದ ಏನೂ ಆಗಿಲ್ಲ. ವಿಷನೂ ಇಲ್ಲ. ಕೋರ್ಟಿಗೆ ನಾನ ಹೇಳ್ತೀನ್ರಿ, ನಾ ಮಾಡಿದ್ದು ತಪ್ಪು ಅಂತ. ನೀವು ಮನಿಗೆ ಹೋಗ್ತೀರಿ.”

ಶಿವಲೀಲಾ ಕಣ್ಣೊರೆಸಿಕೊಂಡಳು. ಮುಖ ತೊಳೆದಂತೆ ಶಾಂತವಾಗಿತ್ತು.

“ಅಮಾಸಿದು ಅಲ್ಲ ಅನ್ನೋದು ಖರೇನ್ರಿ?”

“ಖರೇ.”

“ಹಂಗಾದ್ರ ನಮ್ಮತ್ತಿಗೆ ಹೇಳ್ರಿ, ಇವತ್ತಿನಿಂದ ಪೂಜಾ ಮಾಡ್ಲಿ. ಆಕಿದೇನೂ ತಪ್ಪಿಲ್ಲ.” ಆಕೆ ತುಸು ತಡೆದಳು. “ನನ್ನ ಮಾತ್ರ ಬಿಡಬ್ಯಾಡ್ರಿ.”

“ಅಂದ್ರ?”

“ಕೊನಿ ಲೋಟಾ ನಾ ಕೊಟ್ಟೆ. ಅತ್ತಿಗೆ ಗೊತ್ತಿಲ್ಲ. ಮೀನ ಮಾರ್ಕೆಟಿನಾಗ ಮುಖ ಮುಚ್ಚಿಕೊಂಡು ಹೋಗಿ ನಾನ ತಂದೆ, ನಾನ ಅರದೆ. ಎಲಿ ಹಾಕಲಿಲ್ಲ. ಹಾಕೋ ಕಾರಣ ಇದ್ದಿಲ್ಲ.”

ಗಾಳೇಶ ನಿಂತೇ ಇದ್ದ. ಎರಡೂ ಕೈಗಳನ್ನು ಮೇಜಿಗೆ ಊರಿದ.

“ಜೀವಕ್ಕ ಬರ್ತೈತಿ ಅಂತ ಗೊತ್ತಿತ್ತಲ್ಲ ನಿಮಗ!”

“ಗೊತ್ತಿತ್ತು. ಸಾಯ್ತಾರ ಅಂತ ಗೊತ್ತಿರಲಿಲ್ಲ. ಸಾಯಬಹುದು ಅಂತ ಗೊತ್ತಿತ್ತು.”

“ಅವರಿಗೆ?”

“ಅವರಿಗೂ ಗೊತ್ತಿತ್ತು. ಅವರೇ ಆ ಲೋಟಾ ಕೇಳಿದ್ರು. ಎರಡು ದಿನ ಬ್ಯಾಡ ಬ್ಯಾಡ ಅಂದೆ. ಮೂರನೇ ದಿನ ಕೈ ಮುಗದ್ರು. ಮದುವಿ ಆದಾಗಿನಿಂದ ಒಮ್ಮೆನೂ ನನಗ ಕೈ ಮುಗದ ಮನುಷ್ಯಾ ಅಲ್ಲ ಅವರು.”

“ಯಾಕ? ಬದಕಾಕ ಔಷಧ ತಗೋತಿದ್ದ ಮನುಷ್ಯಾ ಯಾಕ ಹಂಗ ಕೇಳಿದ್ರು?”

ಬಾಗಿಲಲ್ಲಿ ನಿಂತಿದ್ದ ಕಾವಲಿನ ಹೆಂಗಸು ಹೊತ್ತಾಯಿತೆಂದು ಕೆಮ್ಮಿದಳು. ಶಿವಲೀಲಾ ಎದ್ದು ಸೆರಗು ಸರಿಮಾಡಿಕೊಂಡಳು. ಮೊದಲ ಸಲ ಗಾಳೇಶನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

“ಅದಕ್ಕೂ ಮುಂಚೆ ಒಂದಿನ ನನ್ನ ಮೈದುನ ಅವರನ್ನ ಕಾರಿನಾಗ ಕುಷ್ಟಗಿಗೆ ಕರಕೊಂಡು ಹೋಗಿದ್ದ. ಹೋಗುಮುಂದ ನಕ್ಕೋಂತ ಹೋದ್ರು. ಬಂದು ಮೂಲ್ಯಾಗ ಕುಂತವರು ಊಟಕ್ಕ ಏಳಲಿಲ್ಲ. ‘ಕಡೀಕ ನಾನೂ ಹಂಗ ಆಗ್ತೀನೇನು’ ಅಂತ ಒಂದ ಮಾತು ಕೇಳಿದ್ರು. ಕುಷ್ಟಗ್ಯಾಗ ಅವರಿಗೆ ಯಾರನ್ನ ತೋರಿಸ್ಯಾನ ಅಂತ, ಆ ಬಸವಕುಮಾರನ್ನ ಕೇಳ್ರಿ.”